ಪಕ್ಕದ ಮನೆ ತಾರಸಿ ಮೇಲೆ ಟವರ್ ಬಂದರೆ ಪಾಲಿಕೆ ಏನು ಮಾಡಬಹುದು?

ಟವರ್ ವಿಷಯಕ್ಕೆ ಜನ ವಕೀಲರ ಹತ್ತಿರ ಬರುವುದು ಸಾಮಾನ್ಯವಾಗಿ ಕಬ್ಬಿಣ ತಾರಸಿಗೆ ಏರಿದ ಮೇಲೆ. ಬೀದಿಯವರೆಲ್ಲ ಸಹಿ ಹಾಕಿದ ಒಂದು ಅರ್ಜಿ ಕೈಯಲ್ಲಿರುತ್ತದೆ. ಅದರ ತುಂಬ ಒಂದೇ ಮಾತು: ರೇಡಿಯೇಷನ್‌ನಿಂದ ಮಕ್ಕಳಿಗೆ, ವಯಸ್ಸಾದವರಿಗೆ ಅಪಾಯ, ಟವರ್ ತೆಗೆಸಿ. ಪಾಲಿಕೆ ಅಷ್ಟೊತ್ತಿಗೆ "ಈ ವಿಷಯ ನಮ್ಮ ವ್ಯಾಪ್ತಿಗೆ ಬರುವುದಿಲ್ಲ" ಎಂದು ಹಿಂಬರಹ ಕೊಟ್ಟಿರುತ್ತದೆ. "ಇನ್ನೇನು ಮಾಡೋದು ಸಾರ್?" ಎಂದು ಕೇಳುತ್ತಾರೆ.

ಆ ಭಯವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಆ ಹಿಂಬರಹ ಕಾನೂನಿನ ಪ್ರಕಾರ ಬಹುಪಾಲು ಸರಿಯೇ. ಟವರ್ ವಿಷಯದಲ್ಲಿ ಪಾಲಿಕೆಗೂ ಪಂಚಾಯಿತಿಗೂ ನಿಜವಾದ ಅಧಿಕಾರ ಇದೆ, ಅದು ಇರುವುದು ಬೇರೆ ಕಡೆ. ಅಧಿಕಾರ ಇಲ್ಲದ ವಿಷಯವನ್ನೇ ಹಿಡಿದು ಜಗ್ಗಿದರೆ, ಇರುವ ಅಧಿಕಾರವನ್ನೂ ಅವರು ಬಳಸದೆ ಕೂರುತ್ತಾರೆ. ಈ ಅಂಕಣದಲ್ಲಿ ಹೇಳಬೇಕೆಂದಿರುವುದು ಇಷ್ಟೇ.

ಸಂವಿಧಾನದಲ್ಲಿ ದೂರವಾಣಿ, ವೈರ್‌ಲೆಸ್ ಎಲ್ಲ ಕೇಂದ್ರ ಪಟ್ಟಿಯ 31ನೇ ನಮೂದಿನಲ್ಲಿ ಬರುತ್ತವೆ. ಸ್ಥಳೀಯ ಆಡಳಿತ ಮತ್ತು ಭೂಮಿ ರಾಜ್ಯ ಪಟ್ಟಿಯಲ್ಲಿವೆ. ಹಾಗಾಗಿ ಟವರ್‌ನಿಂದ ಹೊರಡುವ ಅಲೆ ದೆಹಲಿಯ ವಿಷಯ, ಟವರ್ ನಿಂತಿರುವ ಕಟ್ಟಡ ನಿಮ್ಮ ಊರಿನ ವಿಷಯ.

ಮೊದಲು ಅಲೆಯ ಮಾತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2011ರಲ್ಲಿ ಈ ಅಲೆಗಳನ್ನು 2ಬಿ ಗುಂಪಿಗೆ ಸೇರಿಸಿತು. ಕ್ಯಾನ್ಸರ್ ತರುವ ಸಾಧ್ಯತೆ ಇರಬಹುದು, ಪುರಾವೆ ಸೀಮಿತ ಅನ್ನುವುದು ಆ ಗುಂಪಿನ ಅರ್ಥ. ಆಗ ಮುಖ್ಯವಾಗಿ ನೋಡಿದ್ದು ಫೋನನ್ನು ಕಿವಿಗೆ ಒತ್ತಿ ಜಾಸ್ತಿ ಹೊತ್ತು ಮಾತಾಡುವವರನ್ನು. ಭಾರತ 2012ರ ಸೆಪ್ಟೆಂಬರ್ 1ರಿಂದ ಟವರ್‌ಗಳ ಮಿತಿಯನ್ನು ಅಂತರರಾಷ್ಟ್ರೀಯ ಮಿತಿಯ ಹತ್ತನೇ ಒಂದು ಭಾಗಕ್ಕೆ ಇಳಿಸಿತು. 900 ಮೆಗಾಹರ್ಟ್ಸ್‌ನಲ್ಲಿ ಚದರ ಮೀಟರಿಗೆ 4.5 ವ್ಯಾಟ್ ಇದ್ದದ್ದು 0.45 ಆಯಿತು, 1800ರಲ್ಲಿ 9 ಇದ್ದದ್ದು 0.9 ಆಯಿತು.

ಅಳೆಸುವ ದಾರಿಯೂ ಇದೆ. 2017ರಲ್ಲಿ ಶುರುವಾದ ತರಂಗ್ ಸಂಚಾರ್ ಪೋರ್ಟಲ್‌ನಲ್ಲಿ ನಿಮ್ಮ ಸುತ್ತಲಿನ ಟವರ್‌ಗಳು ಮಿತಿಯೊಳಗಿವೆಯೇ ಎಂದು ನೋಡಬಹುದು. 4,000 ರೂಪಾಯಿ ಕಟ್ಟಿದರೆ ದೂರಸಂಪರ್ಕ ಇಲಾಖೆಯವರು ನೀವು ಹೇಳಿದ ಜಾಗಕ್ಕೆ ಬಂದು ಅಳೆಯುತ್ತಾರೆ. ಬೀದಿಯವರೆಲ್ಲ ಹಂಚಿಕೊಂಡರೆ ಅದೇನು ದೊಡ್ಡ ಮೊತ್ತವಲ್ಲ, ಅಲ್ವಾ? ನನ್ನ ಹತ್ತಿರ ಬಂದವರಿಗೆ ಮೊದಲು ಇದನ್ನೇ ಮಾಡಿಸಿ ಅನ್ನುತ್ತೇನೆ. ಎಲ್ಲಿ ಅಳೆಸಬೇಕು ಅನ್ನುವುದೂ ಮುಖ್ಯ. ಆ್ಯಂಟೆನಾದ ಅಲೆ ಹೆಚ್ಚಾಗಿ ಮುಂದಕ್ಕೆ ಹೋಗುತ್ತದೆ, ಸ್ವಲ್ಪವೇ ಕೆಳಕ್ಕೆ ಬಾಗಿರುತ್ತದೆ. ದೀಪದ ಬುಡದಲ್ಲಿ ಕತ್ತಲೆ ಅನ್ನುತ್ತೇವಲ್ಲ, ಹಾಗೆ. ಟವರ್ ಇರುವ ಮನೆಯೊಳಗಿಗಿಂತ, ಆ್ಯಂಟೆನಾ ಎತ್ತರಕ್ಕೇ ಎದುರಾಗುವ ಆಚೆ ಕಟ್ಟಡದ ಮೇಲಿನ ಮಹಡಿಯಲ್ಲಿ ಅಳೆಸಿ. ಕೇಂದ್ರದ 2013ರ ಮಾರ್ಗಸೂಚಿಯಲ್ಲಿ ಕೊಟ್ಟ ಸುರಕ್ಷಿತ ದೂರವೂ ಇದೇ ಲೆಕ್ಕದ್ದು: ಒಂದು ಆ್ಯಂಟೆನಾ ಇದ್ದರೆ ನೇರ ಎದುರಿನ ಕಟ್ಟಡ 20 ಮೀಟರ್ ದೂರ, ಒಂದೇ ದಿಕ್ಕಿಗೆ ಎರಡಿದ್ದರೆ 35 ಮೀಟರ್. ಆ ದೂರ ಇಲ್ಲದಿದ್ದರೆ ನಿಮ್ಮ ತಕರಾರಿಗೆ ಗಟ್ಟಿ ನೆಲ ಸಿಕ್ಕಿತು.

ನ್ಯಾಯಾಲಯದ ತೀರ್ಪುಗಳನ್ನು ವಾಟ್ಸ್ಆ್ಯಪ್‌ನಲ್ಲಿ ತೋರಿಸುವವರೂ ಇದ್ದಾರೆ. 2012ರ ನವೆಂಬರ್‌ನಲ್ಲಿ ರಾಜಸ್ಥಾನ ಹೈಕೋರ್ಟ್ ಶಾಲೆ, ಆಸ್ಪತ್ರೆಗಳ ಮೇಲಿನ ಟವರ್ ತೆಗೆಸಲು ಹೇಳಿದ್ದು ನಿಜ. 2017ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಕ್ಯಾನ್ಸರ್ ರೋಗಿಯೊಬ್ಬರ ದೂರಿನ ಮೇಲೆ ಗ್ವಾಲಿಯರ್‌ನ ಒಂದು ಬಿಎಸ್‌ಎನ್‌ಎಲ್ ಟವರ್ ನಿಲ್ಲಿಸಲು ಹೇಳಿದ್ದೂ ನಿಜ. ಆದರೆ ಅದು ಆ ಒಂದು ಟವರ್‌ಗೆ ಕೊಟ್ಟ ಮಧ್ಯಂತರ ಆದೇಶ. ಟವರ್ ಅಂದರೆ ಹಾನಿ ಎಂದು ಅದು ತೀರ್ಮಾನಿಸಲಿಲ್ಲ. ಮಿತಿಯೊಳಗಿರುವ ಟವರನ್ನು ಆರೋಗ್ಯದ ಹೆಸರಲ್ಲಿ ತೆಗೆಸಲು ಬೇರೆ ಹಲವು ಹೈಕೋರ್ಟ್‌ಗಳು ಒಪ್ಪಿಲ್ಲ. ಅಳತೆಯ ವರದಿ ಇಲ್ಲದೆ ಬರೀ ರೇಡಿಯೇಷನ್ ಮೇಲೆ ದಾವೆ ಹೂಡಬೇಡಿ. ದುಡ್ಡೂ ಹೋಗುತ್ತದೆ, ವರ್ಷಗಳೂ ಹೋಗುತ್ತವೆ.

ಈಗ ಕಟ್ಟಡದ ವಿಷಯ. ನನ್ನ ಪ್ರಕಾರ ನಿಜವಾದ ಅಪಾಯವೂ ಇಲ್ಲಿದೆ, ನಿಜವಾದ ಅಧಿಕಾರವೂ ಇಲ್ಲಿದೆ. ನಮ್ಮ ಊರುಗಳಲ್ಲಿ ಎರಡು ಮಹಡಿಗೆ ಪ್ಲಾನ್ ಪಡೆದು ನಾಲ್ಕು ಕಟ್ಟಿದ ಮನೆಗಳು ಎಷ್ಟೋ ಇವೆ. ಸುತ್ತಲಿನ ಮನೆಗಳಿಗಿಂತ ಎತ್ತರ ಇರುವುದರಿಂದ ಟವರ್ ಕಂಪನಿಯ ಕಣ್ಣಿಗೆ ಬೀಳುವುದೂ ಅಂಥ ಮನೆಗಳೇ. ತಾರಸಿ ಮೇಲೆ ಟವರ್ ನಿಲ್ಲಿಸುವಾಗ ಅದರ ಭಾರ ಕಂಬಗಳ ತಲೆಯ ಮೇಲೆ ಇಳಿಯಬೇಕು, ಬರೀ ಸ್ಲ್ಯಾಬ್ ಮೇಲೆ ಕೂರಿಸುವಂತಿಲ್ಲ. ಜೊತೆಗೆ ಬ್ಯಾಟರಿ ಕಪಾಟುಗಳ ತೂಕ. ಅದಕ್ಕಿಂತ ಮುಖ್ಯವಾಗಿ ಗಾಳಿ. ಭಾರತೀಯ ಮಾನಕದ ಪ್ರಕಾರ ಬೆಂಗಳೂರಿಗೆ ಲೆಕ್ಕ ಹಿಡಿಯಬೇಕಾದ ಮೂಲ ಗಾಳಿವೇಗ ಸೆಕೆಂಡಿಗೆ 33 ಮೀಟರ್, ಮಂಗಳೂರಿಗೆ 39. ವೇಗದ ವ್ಯತ್ಯಾಸ ಚಿಕ್ಕದಾಗಿ ಕಾಣುತ್ತದೆ, ಆದರೆ ಗಾಳಿಯ ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಮಂಗಳೂರಿನಲ್ಲಿ ಅದು ಸುಮಾರು ಶೇ. 40ರಷ್ಟು ಜಾಸ್ತಿ. ಒಂದೇ ನಕ್ಷೆ ಇಟ್ಟುಕೊಂಡು ಎರಡೂ ಊರಿನಲ್ಲಿ ನಿಲ್ಲಿಸುವಂತಿಲ್ಲ.

ಇಂಥ ಕಟ್ಟಡದ ವಿಷಯದಲ್ಲಿ ಪಾಲಿಕೆ "ನಮಗೆ ಸಂಬಂಧವಿಲ್ಲ" ಅನ್ನುವ ಹಾಗಿಲ್ಲ. ಅಕ್ರಮ ಕಟ್ಟಡದ ಮೇಲೆ ಕ್ರಮ ಕೈಗೊಳ್ಳಲು ಬೆಂಗಳೂರು ಬಿಟ್ಟು ಉಳಿದ ಪಾಲಿಕೆಗಳಿಗೆ 1976ರ ಕರ್ನಾಟಕ ಪೌರ ನಿಗಮಗಳ ಕಾಯ್ದೆಯ 321ನೇ ಕಲಂ ಇದೆ. ಹಳ್ಳಿಗಳಲ್ಲಿ ಕಟ್ಟಡ ನಿಯಂತ್ರಣಕ್ಕೆ ಪಂಚಾಯತ್ ರಾಜ್ ಕಾಯ್ದೆಯ 64ನೇ ಕಲಂ. ಬೆಂಗಳೂರಿಗೆ ಪ್ರತ್ಯೇಕ ಕಾಯ್ದೆ ಇದೆ, ಅಲ್ಲಿ 2025ರ ಸೆಪ್ಟೆಂಬರ್‌ನಿಂದ ಐದು ನಗರ ಪಾಲಿಕೆಗಳಾಗಿವೆ, ಹಾಗಾಗಿ ನಿಮ್ಮ ಬೀದಿ ಯಾವುದಕ್ಕೆ ಸೇರಿದೆ ಎಂದು ಮೊದಲು ತಿಳಿದುಕೊಳ್ಳಿ. ಟವರ್‌ಗಳಿಗೇ ಪ್ರತ್ಯೇಕವಾಗಿ ರಾಜ್ಯ ಸರ್ಕಾರ 2019ರಲ್ಲಿ ನಿಯಮಾವಳಿ ತಂದಿದೆ.

ಒಂದು ಎಚ್ಚರಿಕೆ. ಕಳೆದ ಹತ್ತು ವರ್ಷಗಳಲ್ಲಿ ಕೇಂದ್ರದ ನಿಯಮಗಳು ಸ್ಥಳೀಯ ಸಂಸ್ಥೆಗಳ ಕೈಯನ್ನು ಒಂದೊಂದಾಗಿ ಕಟ್ಟುತ್ತಾ ಬಂದಿವೆ. 2016ರ ರೈಟ್ ಆಫ್ ವೇ ನಿಯಮಗಳು, ಅಂದರೆ ಟವರ್, ಕೇಬಲ್ ಹಾಕಲು ಜಾಗ ಬಳಸುವ ಹಕ್ಕಿನ ನಿಯಮಗಳು, ಕಂಪನಿಯ ಅರ್ಜಿಗೆ 60 ದಿನದ ಗಡುವು ಹಾಕಿದವು. ಅಷ್ಟರೊಳಗೆ ಉತ್ತರ ಕೊಡದಿದ್ದರೆ ಅನುಮತಿ ಸಿಕ್ಕಿದಂತೆಯೇ. ಅಂದರೆ ಕಡತದ ಮೇಲೆ ಕೂತ ಅಧಿಕಾರಿ ಸುಮ್ನೆ ಕೂತೇ ಟವರ್‌ಗೆ ಒಪ್ಪಿಗೆ ಕೊಟ್ಟಂತಾಯಿತು. 2022ರ ಆಗಸ್ಟ್‌ನ ತಿದ್ದುಪಡಿ ಇನ್ನೂ ಮುಂದೆ ಹೋಯಿತು. ಖಾಸಗಿ ಕಟ್ಟಡವಾದರೆ ಅನುಮತಿಯೇ ಬೇಡ, ಕೆಲಸ ಶುರುಮಾಡುವ ಮುಂಚೆ ಲಿಖಿತವಾಗಿ ತಿಳಿಸಿದರೆ ಸಾಕು ಎಂದಿತು. ಆದರೆ ಆ ಪತ್ರದ ಜೊತೆ ಕಟ್ಟಡ ಈ ಭಾರ ತಡೆಯುತ್ತದೆ ಎಂಬ ಸ್ಟ್ರಕ್ಚರಲ್ ಎಂಜಿನಿಯರ್ ಪ್ರಮಾಣಪತ್ರ ಇರಲೇಬೇಕು ಎಂದೂ ಹೇಳಿತು. ಆಮೇಲೆ 2023ರ ದೂರಸಂಪರ್ಕ ಕಾಯ್ದೆ ಬಂತು, ಅದರಡಿ ಹೊಸ ರೈಟ್ ಆಫ್ ವೇ ನಿಯಮಗಳು 2025ರ ಜನವರಿ 1ರಿಂದ ಜಾರಿಯಲ್ಲಿವೆ. ಟವರ್ ಕೂಡ ಕಟ್ಟಡವೇ, ಆಸ್ತಿ ತೆರಿಗೆ ಹಾಕಬಹುದು ಎಂದು ಸುಪ್ರೀಂ ಕೋರ್ಟ್ 2016ರ ಡಿಸೆಂಬರ್‌ನಲ್ಲಿ ಅಹಮದಾಬಾದ್ ಪಾಲಿಕೆಯ ಪ್ರಕರಣದಲ್ಲಿ ಹೇಳಿತ್ತು. ಆದರೆ ಹೊಸ ಕಾಯ್ದೆಯ 14ನೇ ಕಲಂ ಆಸ್ತಿ ತೆರಿಗೆಯ ಲೆಕ್ಕಕ್ಕೂ ಟವರನ್ನು ಆಸ್ತಿಯ ಭಾಗವಲ್ಲ ಎಂದು ಬೇರ್ಪಡಿಸಿಬಿಟ್ಟಿದೆ.

ನೆಟ್‌ವರ್ಕ್ ಬೇಕು ಅನ್ನುವುದರಲ್ಲಿ ನನಗೆ ತಕರಾರಿಲ್ಲ. ಸಿಗ್ನಲ್ ಕಮ್ಮಿ ಇರುವ ಕಡೆ ಫೋನೇ ಜಾಸ್ತಿ ಶಕ್ತಿ ಹಾಕಿ ಕೆಲಸ ಮಾಡುತ್ತದೆ, ಆ ಫೋನ್ ಇರುವುದು ನಮ್ಮ ಕಿವಿಯ ಹತ್ತಿರ. ಮಲೆನಾಡಿನಲ್ಲಿ ಆಂಬುಲೆನ್ಸ್‌ಗೆ ಕರೆ ಮಾಡಲು ಗುಡ್ಡ ಹತ್ತುವವರಿಗೆ ಟವರ್ ಬೇಡ ಅನ್ನುವ ಮಾತು ಅರ್ಥವೇ ಆಗುವುದಿಲ್ಲ. ನನ್ನ ನೋವು ಬೇರೆ. ಅರ್ಜಿ ತಿರಸ್ಕರಿಸುವ ಮುಂಚೆ ಕಂಪನಿಯ ಮಾತು ಕೇಳಬೇಕು ಎಂದು 2016ರ ನಿಯಮಗಳೇ ಹೇಳಿದವು. ಪಕ್ಕದ ಮನೆಯವರ ಮಾತು ಕೇಳಬೇಕು ಎಂದು ಹೇಳಲಿಲ್ಲ. ತಲೆಯ ಮೇಲೆ ಟವರ್ ನಿಲ್ಲುವುದು ಅವರಿಗೆ, ಸುದ್ದಿ ಗೊತ್ತಾಗುವುದು ಕ್ರೇನ್ ಬಂದಾಗ. ಕೆಲಸಕ್ಕೆ ಮುಂಚೆ ಆ ಕಟ್ಟಡದ ಗೇಟಿನ ಮೇಲೆ ಒಂದು ನೋಟಿಸ್ ಅಂಟಿಸಿ, ವಾರ್ಡ್ ಸಮಿತಿಯಲ್ಲಿ ಒಮ್ಮೆ ಮಂಡಿಸಿದರೆ ಅರ್ಧ ಜಗಳ ಹುಟ್ಟುವುದೇ ಇಲ್ಲ. ಇದಕ್ಕೆ ದೆಹಲಿಯ ಒಪ್ಪಿಗೆ ಬೇಕಾಗಿಲ್ಲ, ಪಾಲಿಕೆಗೆ ಮನಸ್ಸಿದ್ದರೆ ಸಾಕು.

ಅಲ್ಲಿಯವರೆಗೆ ನೀವು ಮಾಡಬಹುದಾದ್ದು ಇದು. ತಾರಸಿಗೆ ಸಾಮಾನು ಏರುವುದು ಕಂಡ ದಿನವೇ ಪಾಲಿಕೆಯ ನಗರ ಯೋಜನೆ ವಿಭಾಗಕ್ಕೆ, ಹಳ್ಳಿಯಾದರೆ ಪಿಡಿಒ ಅವರಿಗೆ, ಲಿಖಿತ ಅರ್ಜಿ ಕೊಡಿ. ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳದೆ ಬರಬೇಡಿ. ಕಂಪನಿ ಕೊಟ್ಟ ಪತ್ರ ಬಂದಿದೆಯೇ, ಎಂಜಿನಿಯರ್ ಪ್ರಮಾಣಪತ್ರದ ಪ್ರತಿ ಎಲ್ಲಿ, ಆ ಕಟ್ಟಡಕ್ಕೆ ಮಂಜೂರಾದ ಪ್ಲಾನ್ ಎಷ್ಟು ಮಹಡಿಯದು ಎಂದು ಕೇಳಿ. ಉತ್ತರ ಬರದಿದ್ದರೆ ಅವೇ ಪ್ರಶ್ನೆಗಳನ್ನು 10 ರೂಪಾಯಿಯ ಮಾಹಿತಿ ಹಕ್ಕು ಅರ್ಜಿಯಲ್ಲಿ ಹಾಕಿ, 30 ದಿನದೊಳಗೆ ಉತ್ತರಿಸಬೇಕು. ಪ್ರಮಾಣಪತ್ರ ಕೈಗೆ ಸಿಕ್ಕಾಗ ಅದರಲ್ಲಿ ಎಷ್ಟು ಮಹಡಿ ಎಂದು ಬರೆದಿದೆ ನೋಡಿ. ಮಂಜೂರಾದ ಪ್ಲಾನಿಗೂ ನಿಂತಿರುವ ಕಟ್ಟಡಕ್ಕೂ ಅದು ತಾಳೆಯಾಗದಿದ್ದರೆ ಆಯುಕ್ತರ ಮುಂದೆ ಇಡಬೇಕಾದ ಕಾಗದ ಅದೇ. ಆಗಲೂ "ಸೀಲ್ ಮಾಡಿ, ಕರೆಂಟ್ ಕಿತ್ತುಹಾಕಿ" ಎಂದು ಒತ್ತಾಯಿಸಬೇಡಿ. ದೂರಸಂಪರ್ಕ ಇಲಾಖೆಯ ಒಪ್ಪಿಗೆ ಇಲ್ಲದೆ ಹಾಗೆ ಮಾಡಬಾರದು ಎಂದು 2013ರ ಮಾರ್ಗಸೂಚಿಯೇ ಹೇಳಿದೆ, ಕಂಪನಿಗೆ ತಡೆಯಾಜ್ಞೆ ತರಲು ಅದೇ ದಾರಿಯಾಗುತ್ತದೆ. ಕಟ್ಟಡದ ಅಕ್ರಮದ ಮೇಲೆ ನೋಟಿಸ್ ಕೊಡಿಸಿ.

ಜನರೇಟರ್ ಸದ್ದು ಬೇರೆಯೇ ದೂರು. ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ ಹತ್ತರ ಮೇಲೆ 45 ಡೆಸಿಬೆಲ್ ಮಿತಿ. ಮಾಲಿನ್ಯ ನಿಯಂತ್ರಣ ಮಂಡಳಿಗೆ ಬರೆಯಿರಿ.

ಅಪಾರ್ಟ್‌ಮೆಂಟ್‌ನವರು ಇನ್ನೊಂದು ಕಾಗದ ನೋಡಬೇಕು. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯಲ್ಲಿ, ಘೋಷಣಾ ಪತ್ರದಲ್ಲಿ ಬೇರೆ ಹೇಳದಿದ್ದರೆ, ತಾರಸಿ ಎಲ್ಲರಿಗೂ ಸೇರಿದ್ದು. ಬಿಲ್ಡರ್ ತಾನೊಬ್ಬನೇ ಅದನ್ನು ಟವರ್‌ಗೆ ಬಾಡಿಗೆ ಕೊಡಲು ಬರುವುದಿಲ್ಲ.

ಜಾಗ ಕೊಡುವ ಮಾಲೀಕರಿಗೂ ಎರಡು ಮಾತು. "ನಿಮ್ಮ ಸೈಟ್‌ಗೆ ಟವರ್ ಮಂಜೂರಾಗಿದೆ, ಮೊದಲು ಇಷ್ಟು ಫೀಸ್ ಕಟ್ಟಿ" ಎಂದು ಕರೆ ಬಂದರೆ ಅದು ಮೋಸ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ಟವರ್‌ಗೆ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಕೊಡುವುದೇ ಇಲ್ಲ. ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ನಿಜವಾದ ಕಂಪನಿಯೇ ಬಂದರೂ ಕರಾರಿನಲ್ಲಿ ಹೊರಬರುವ ಷರತ್ತನ್ನು ಓದಿ. ಕಂಪನಿ ಬೇಕೆಂದಾಗ ನೋಟಿಸ್ ಕೊಟ್ಟು ಹೋಗಬಹುದು, ಮಾಲೀಕ ಮಾತ್ರ ಹೋಗುವಂತಿಲ್ಲ ಅನ್ನುವ ಕರಾರುಗಳು ನನ್ನ ಮೇಜಿಗೆ ಬರುತ್ತಲೇ ಇರುತ್ತವೆ. ಒಂದು ವರ್ಷಕ್ಕಿಂತ ಹೆಚ್ಚಿನ ಗುತ್ತಿಗೆ ನೋಂದಣಿ ಆಗಲೇಬೇಕು. ಮುಂದೆ ಮನೆ ಮೇಲೆ ಇನ್ನೊಂದು ಮಹಡಿ ಕಟ್ಟುವ ಆಸೆ ಇದ್ದರೆ ಅದನ್ನೂ ಸಹಿ ಹಾಕುವ ಮುಂಚೆಯೇ ಕರಾರಿನಲ್ಲಿ ಬರೆಸಿ.