ಏಣಿ ಕೊಳ್ಳುವ ಮುಂಚೆ ತಲೆಯೆತ್ತಿ ನೋಡಿ

ಹಾರ್ಡ್‌ವೇರ್ ಅಂಗಡಿಗೆ ಏಣಿ ಕೊಳ್ಳಲು ಹೋದವರು ಮೊದಲು ಕೇಳುವುದು, "ಎಷ್ಟು ಅಡಿದಿದೆ?" ಆಮೇಲೆ, "ಎಷ್ಟಾಗುತ್ತೆ?" ಕೊನೆಗೆ ಒಂದು ಸಲ ಎತ್ತಿ ನೋಡಿ, "ಹಗುರ ಇದೆ, ಪರವಾಗಿಲ್ಲ." ಈ ಮೂರೂ ಲೆಕ್ಕದಲ್ಲಿ ಗೆಲ್ಲುವುದು ಅಲ್ಯೂಮಿನಿಯಂ ಏಣಿ. ಹಾಗಾಗಿ ಅದೇ ಮನೆಗೆ ಬರುತ್ತದೆ. ಮುಂದೆ ಯಾವತ್ತೋ ನಾನು ನನ್ನ ಹುಡುಗರ ಜೊತೆ ವೈರಿಂಗ್ ಕೆಲಸಕ್ಕೆ ಹೋದಾಗ ಮಾಲೀಕರು ಪ್ರೀತಿಯಿಂದಲೇ ಹೇಳುತ್ತಾರೆ: "ನೀವ್ಯಾಕೆ ಏಣಿ ಹೊತ್ಕೊಂಡು ಬರ್ತೀರಿ? ನಮ್ಮನೇಲೇ ಇದೆ, ಹೊಸದು." ನಾನು ಬೇಡ ಅಂದರೆ ಬೇಜಾರು ಮಾಡಿಕೊಳ್ಳುತ್ತಾರೆ.

ನಾನು ಹಾಸನದಲ್ಲಿ ಎಲೆಕ್ಟ್ರಿಕಲ್ ಕಾಂಟ್ರಾಕ್ಟರ್. ಮನೆ, ಅಂಗಡಿ, ಸಕಲೇಶಪುರದ ಕಡೆ ಒಂದಷ್ಟು ಎಸ್ಟೇಟ್ ಕೆಲಸ. ಏಣಿ ಗೋಡೆಯಿಂದ ಎಷ್ಟು ದೂರ ಇರಬೇಕು (4 ಅಡಿ ಎತ್ತರಕ್ಕೆ 1 ಅಡಿ), ತಾರಸಿಗೆ ಹತ್ತುವುದಾದರೆ ತುದಿ 3 ಅಡಿ ಮೇಲೆ ಚಾಚಿರಬೇಕು, ತೀರಾ ಮೇಲಿನ ಮೆಟ್ಟಿಲ ಮೇಲೆ ನಿಲ್ಲಬಾರದು, ಇವೆಲ್ಲ ಕೆಲಸ ಮಾಡುವವರಿಗೆ ಗೊತ್ತಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಎಷ್ಟು ಸಲ ಹೇಳಿದರೂ ತಲೆಗೆ ಹೋಗದ ಒಂದು ವಿಷಯ ಇದೆ, ಅದನ್ನೇ ಬರೆಯುತ್ತೇನೆ. ಏಣಿ ಯಾವುದರಿಂದ ಮಾಡಿದ್ದು, ಅದು ನಿಲ್ಲುವ ಜಾಗದ ಸುತ್ತ ಯಾವ ತಂತಿ ಇದೆ, ಇದನ್ನು ನೋಡದೆ ಅಡಿ ಲೆಕ್ಕದಲ್ಲಿ ಏಣಿ ಕೊಳ್ಳಬೇಡಿ.

ನಿಮ್ಮ ಮನೆ ಮುಂದಿನ ಕಂಬದ ತಂತಿ ಯಾವುದರದ್ದು ಗೊತ್ತಾ? ಜಾಸ್ತಿ ಜನ ತಾಮ್ರ ಅಂತಾರೆ. ಅಲ್ಲ. ನಮ್ಮ ಕಡೆಯ ಓವರ್‌ಹೆಡ್ ಲೈನುಗಳಲ್ಲಿ ಸಾಮಾನ್ಯವಾಗಿ ನಡುವೆ ಉಕ್ಕಿನ ಎಳೆ, ಸುತ್ತ ಅಲ್ಯೂಮಿನಿಯಂ ಎಳೆಗಳು. ವಿದ್ಯುತ್ ಕಂಪನಿಯ ಸ್ಟೋರಿನಲ್ಲಿ ರ‍್ಯಾಬಿಟ್, ವೀಸಲ್ ಅಂತ ಹೆಸರು ಹೇಳಿ ಕೊಡುವ ತಂತಿಗಳು ಇವೇ. ಕರೆಂಟ್ ಚೆನ್ನಾಗಿ ಹರಿಯಲಿ, ಭಾರವೂ ಕಡಿಮೆ ಇರಲಿ ಅಂತ ಆರಿಸಿಕೊಂಡ ಲೋಹ ಅದು. ಅದೇ ಲೋಹದ 16 ಅಡಿ ಉದ್ದದ ವಸ್ತುವನ್ನು ಆ ತಂತಿಯ ಪಕ್ಕದಲ್ಲೇ ನೆಟ್ಟಗೆ ಎತ್ತಿ ನಿಲ್ಲಿಸುತ್ತೇವೆ.

ಇದಕ್ಕೆ ನನಗೆ ಸಿಗುವ ಉತ್ತರ ಒಂದೇ: "ಮೇನ್ ಆಫ್ ಮಾಡಿದ್ದೀನಲ್ಲ ಸಾರ್."

ನಿಧಾನವಾಗಿ ಹೇಳುತ್ತೇನೆ. ನಿಮ್ಮ ಮೇನ್ ಸ್ವಿಚ್ ಇರುವುದು ಮೀಟರಿನ ಆಚೆ, ಮನೆಯ ಕಡೆಗೆ. ಅದನ್ನು ಇಳಿಸಿದರೆ ಮನೆಯೊಳಗಿನ ವೈರಿಂಗಿಗೆ ಬರುವ ಕರೆಂಟ್ ನಿಲ್ಲುತ್ತದೆ. ಕಂಬದಿಂದ ಮೀಟರಿನವರೆಗೆ ಬರುವ ಸರ್ವಿಸ್ ವೈರಿನಲ್ಲಿ ಕರೆಂಟ್ ಇದ್ದೇ ಇರುತ್ತದೆ. ಬೀದಿಯ ತಂತಿಯಲ್ಲೂ ಇರುತ್ತದೆ. ಕಂಬದ ನೆತ್ತಿಯಲ್ಲಿ ಪಿಂಗಾಣಿ ಇನ್ಸುಲೇಟರ್ ಮೇಲೆ ಮೂರು ತಂತಿ ಹೋಗಿದ್ದರೆ ಅದು ಬಹುತೇಕ 11 ಕೆವಿ ಲೈನ್. ಅದಕ್ಕೂ ನಿಮ್ಮ ಮೇನ್ ಸ್ವಿಚ್ಚಿಗೂ ಯಾವ ಸಂಬಂಧವೂ ಇಲ್ಲ. ತಂತಿ ತಂತಿಯ ನಡುವೆ 11,000 ವೋಲ್ಟ್, ತಂತಿಗೂ ನೆಲಕ್ಕೂ ಹೆಚ್ಚುಕಡಿಮೆ 6,350 ವೋಲ್ಟ್. ಮನೆಯ 230 ವೋಲ್ಟಿನ 27 ಪಟ್ಟಿಗೂ ಜಾಸ್ತಿ.

ಇನ್ನು ಕೆಲವರು ತಿಳಿದವರು. "ಲೈನ್ ದೂರ ಇದೆ, ರೂಲ್ ಪ್ರಕಾರವೇ ಕಟ್ಟಿಸಿದ್ದೀವಿ" ಅಂತಾರೆ. ಒಳ್ಳೆಯದೇ. ರೂಲ್ ಏನು ಹೇಳುತ್ತದೆ? 11 ಕೆವಿ ಲೈನಿಗೂ ಕಟ್ಟಡಕ್ಕೂ ಅಡ್ಡಕ್ಕೆ ಕನಿಷ್ಠ 1.2 ಮೀಟರ್, ಕಟ್ಟಡದ ಮೇಲೆ ಹಾದುಹೋದರೆ 3.7 ಮೀಟರ್ ಅಂತರ. 1.2 ಮೀಟರ್ ಅಂದರೆ 4 ಅಡಿ. ಗೋಡೆ ನಿಂತಲ್ಲೇ ನಿಂತಿರುತ್ತದೆ, ಆ ಅಂತರ ಇಟ್ಟಿರುವುದು ಅದಕ್ಕೆ. ನಿಮ್ಮ ಏಣಿ 16 ಅಡಿ. ಅದು ವಾಲುತ್ತದೆ, ತಿರುಗುತ್ತದೆ, ಗಾಳಿಗೆ ಓಲಾಡುತ್ತದೆ. 4 ಅಡಿ ಎಷ್ಟರ ಮಾತು? ರೂಲ್ ಪ್ರಕಾರ ಕಟ್ಟಿದ ಮನೆಯಲ್ಲೂ ಏಣಿ ಲೈನಿಗೆ ತಗಲಬಹುದು.

ತಗಲುವುದು ಯಾವಾಗ ಅಂತ ಕೇಳಿ. ಕೆಲಸ ಮಾಡುವಾಗಲೇ ಆಗಬೇಕು ಅಂತಿಲ್ಲ. ನನಗೆ ಗೊತ್ತಿರುವ ಪ್ರಕರಣಗಳಲ್ಲಿ ಹೆಚ್ಚಿನವು ಏಣಿ ಎತ್ತುವಾಗ, ಇಳಿಸುವಾಗ, ಪಕ್ಕಕ್ಕೆ ಸರಿಸುವಾಗ ಆದವು. ಪೇಂಟಿಂಗ್ ಹುಡುಗರು ಮೊದಲ ಮಹಡಿಯ ಸಜ್ಜಾದ ಹತ್ತಿರ ಒಂದು ಪಟ್ಟೆ ಮುಗಿಸುತ್ತಾರೆ. ಮುಂದಿನ ಪಟ್ಟೆಗೆ ಹೋಗಲು ಏಣಿಯನ್ನು ಮಲಗಿಸುವುದಿಲ್ಲ. ಒಬ್ಬನೇ ಕೆಳಗೆ ತಬ್ಬಿ ಹಿಡಿದು, ನೆಟ್ಟಗೇ ಎತ್ತಿ, ನಾಲ್ಕು ಹೆಜ್ಜೆ ಸರಿಯುತ್ತಾನೆ. ಅವನ ಕಣ್ಣು ಕಾಲಿನ ಕಡೆ ಇರುತ್ತದೆ, ಅಲ್ಲಿ ಜಲ್ಲಿ, ಮರಳು, ಬಣ್ಣದ ಡಬ್ಬ ಬಿದ್ದಿರುತ್ತವೆ. ಏಣಿಯ ತುದಿ ಎಲ್ಲಿ ಹೋಯಿತು ಅಂತ ನೋಡುವವರು ಯಾರೂ ಇಲ್ಲ.

ಆಗ ಪೆಟ್ಟು ಬೀಳುವುದು ಯಾರಿಗೆ ಅನ್ನುವುದನ್ನೂ ಜನ ತಪ್ಪಾಗಿ ತಿಳಿದಿದ್ದಾರೆ. ಮೇಲೆ ಹತ್ತಿದವನಿಗೆ ಅಪಾಯ, ಕೆಳಗೆ ಹಿಡಿದವನು ಸೇಫ್ ಅಂತ ಲೆಕ್ಕ. ಅದಕ್ಕೇ ಹೊಸ ಹುಡುಗನನ್ನು, ಕೆಲಸ ಬರದವನನ್ನು, "ಸುಮ್ನೆ ಏಣಿ ಹಿಡ್ಕೊಂಡು ನಿಂತ್ಕೋ" ಅಂತ ಕೆಳಗೆ ನಿಲ್ಲಿಸುತ್ತಾರೆ. ಏಣಿ ಲೈನಿಗೆ ತಗಲಿದರೆ ಇಡೀ ಏಣಿಗೆ ಲೈನಿನ ವೋಲ್ಟೇಜ್ ಬರುತ್ತದೆ. ಮೇಲಿರುವವನ ಕೈ, ಕಾಲು ಎರಡೂ ಏಣಿಯ ಮೇಲೇ ಇದ್ದರೆ, ತಂತಿಯ ಮೇಲೆ ಕೂತ ಕಾಗೆಯ ಹಾಗೆ, ಅವನ ಮೈಯಲ್ಲಿ ಹರಿಯುವ ಕರೆಂಟ್ ಕಡಿಮೆ ಇರಬಹುದು. ಗೋಡೆ ಮುಟ್ಟಿದರೆ, ಕೆಳಗೆ ಬಿದ್ದರೆ ಅವನೂ ಹೋದ. ಆದರೆ ಕೆಳಗೆ ಹಿಡಿದವನ ಕೈ ಏಣಿಯಲ್ಲಿದೆ, ಕಾಲು ನೆಲದಲ್ಲಿದೆ. ಕರೆಂಟಿಗೆ ನೆಲಕ್ಕೆ ಇಳಿಯಲು ದಾರಿ ಅವನ ಮೈಯೇ. ಹದಿನೆಂಟು ಹತ್ತೊಂಬತ್ತು ವರ್ಷದ ಹುಡುಗರು ಅವರು. ಊರು ಬಿಟ್ಟು ಬಂದವರು, ಯಾರು ಏನು ಹೇಳಿದರೂ "ಆಯ್ತಣ್ಣ" ಅನ್ನುವವರು. ಅವರನ್ನು ಅಲ್ಲಿ ನಿಲ್ಲಿಸುವುದನ್ನು ನೋಡಿದರೆ ನನಗೆ ತಡೆದುಕೊಳ್ಳಲು ಆಗುವುದಿಲ್ಲ.

ಮೆಣಸು ಕೊಯ್ಯುವ ಕಾಲದಲ್ಲಿ ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಕಡೆಯಿಂದ ಇಂಥ ಸುದ್ದಿ ಬರುತ್ತಲೇ ಇರುತ್ತದೆ. ಸಿಲ್ವರ್ ಓಕ್ ಮರಕ್ಕೆ ಹಬ್ಬಿದ ಬಳ್ಳಿ, ಉದ್ದದ ಅಲ್ಯೂಮಿನಿಯಂ ಏಣಿ, ತೋಟದ ನಡುವೆಯೇ ಹಾದುಹೋದ 11 ಕೆವಿ ಲೈನ್. ಎಲೆ ದಟ್ಟವಾಗಿದ್ದರೆ ತಂತಿ ಕಾಣುವುದೇ ಇಲ್ಲ. ಹಾಗೆ ಲೈನಿಗೆ ತಗಲಿದ ಏಣಿಯೊಂದನ್ನು ಒಂದು ಎಸ್ಟೇಟಿನ ಶೆಡ್ಡಿನಲ್ಲಿ ನೋಡಿದ್ದೇನೆ. ತುದಿಯಲ್ಲಿ ಕಡಲೆಕಾಳು ಗಾತ್ರಕ್ಕೆ ಲೋಹ ಕರಗಿ ಗುಳಿ ಬಿದ್ದಿತ್ತು. ಕೆಳಗೆ ಒಂದು ಕಾಲಿನ ರಬ್ಬರ್ ಬುಷ್ ಸುಟ್ಟು ಕರಿ ಹಿಡಿದಿತ್ತು. ಉಳಿದ ಕಡೆ ಏಣಿ ಹೊಸದರ ಹಾಗೇ ಇತ್ತು. ಶೆಡ್ಡಿನ ಮೂಲೆಯಲ್ಲಿ ಒರಗಿಸಿ ಇಟ್ಟಿದ್ದರು, ಮತ್ತೆ ಬಳಸಲಿಕ್ಕೆ.

ಚಪ್ಪಲಿಯ ಮಾತು ಬಂದೇ ಬರುತ್ತದೆ. "ರಬ್ಬರ್ ಚಪ್ಪಲಿ ಹಾಕಿದ್ದಾನೆ ಬಿಡಿ." 11 ಕೆವಿ ಮುಂದೆ ಹವಾಯಿ ಚಪ್ಪಲಿ ಲೆಕ್ಕಕ್ಕೇ ಇಲ್ಲ. ಏಣಿಯ ಕಾಲಿನ ರಬ್ಬರ್ ಬುಷ್ ಇರುವುದೂ ಜಾರದಿರಲಿ ಅಂತ, ಕರೆಂಟ್ ತಡೆಯಲಿ ಅಂತಲ್ಲ.

ಮನೆಯೊಳಗಿನ ಕಥೆ ಬೇರೆ. ಒಳಗೆ 11 ಕೆವಿ ಇಲ್ಲ, ಮೇನ್ ಆಫ್ ಮಾಡಿದರೆ ಸಾಕಲ್ವಾ? ಇನ್ವರ್ಟರ್ ಇಲ್ಲದ ಮನೆಯಲ್ಲಿ ಬಹುತೇಕ ಸಾಕು. ಇನ್ವರ್ಟರ್ ಇದ್ದರೆ, ಮೇನ್ ಇಳಿಸಿದ ತಕ್ಷಣ ಅದು ಕರೆಂಟ್ ಹೋಯಿತು ಅಂದುಕೊಂಡು ತಾನೇ ಸಪ್ಲೈ ಕೊಡಲು ಶುರು ಮಾಡುತ್ತದೆ. ಲೈಟು, ಫ್ಯಾನಿನ ಪಾಯಿಂಟುಗಳಲ್ಲಿ 230 ವೋಲ್ಟ್ ಹಾಗೇ ಇರುತ್ತದೆ. ಏಣಿ ಹತ್ತಿ ಕೈ ಹಾಕುವುದು ಅಲ್ಲಿಗೇ ತಾನೆ? ವೈರಿಂಗ್ ಮಾಡಿದ ರೀತಿ ನೋಡಿಕೊಂಡು, ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಸಪ್ಲೈ ಕಡಿಯುವ ಸ್ವಿಚ್) ಆ ಲೈನನ್ನು ಕಾಯಬಹುದು, ಕಾಯದೆಯೂ ಇರಬಹುದು. ಆ ನಂಬಿಕೆಯ ಮೇಲೆ ಯಾರನ್ನೂ ಹತ್ತಿಸಬೇಡಿ. ಮೇನ್ ಜೊತೆಗೆ ಇನ್ವರ್ಟರನ್ನೂ ಆಫ್ ಮಾಡಿ, ಟೆಸ್ಟರ್ ಹಿಡಿದು ನೋಡಿ, ಆಮೇಲೆ ಮುಟ್ಟಿ.

ಈ ಕೆಲಸಕ್ಕೂ ಅಲ್ಯೂಮಿನಿಯಂ ಏಣಿ ಬೇಡ ಅನ್ನಲು ಕಾರಣವಿದೆ. ನೆಲದ ಮೇಲೆ ನಿಂತಾಗ "ಅಯ್ಯಪ್ಪಾ" ಅಂದು ಕೈ ಕೊಡವಿ ಸುಮ್ಮನಾಗುವಂಥ ಸಣ್ಣ ಶಾಕ್ ಕೂಡ ಏಣಿಯ ಮೇಲೆ ಮನುಷ್ಯನನ್ನು ಬೀಳಿಸುತ್ತದೆ. ಕೈ ಬಿಟ್ಟುಹೋಗುತ್ತದೆ, ತಲೆ ಹೋಗಿ ಗ್ರಾನೈಟ್ ನೆಲಕ್ಕೆ ಬಡಿಯುತ್ತದೆ. ನೆಲ ಒರೆಸಿ ಒದ್ದೆ ಇದ್ದು, ಬುಷ್ ಸವೆದು ಲೋಹ ನೆಲಕ್ಕೆ ತಾಗುತ್ತಿದ್ದರೆ ಶಾಕ್ ಸಣ್ಣದೂ ಆಗಿರುವುದಿಲ್ಲ.

ಹಾಗಾದರೆ ಏನು ಕೊಳ್ಳಬೇಕು? ಕರೆಂಟಿನ ಕೆಲಸಕ್ಕೆ, ಲೈನ್ ಇರುವ ಬೀದಿಯಲ್ಲಿ ಹೊರಗಿನ ಕೆಲಸಕ್ಕೆ ಫೈಬರ್ ಏಣಿ. ಅಂಗಡಿಯಲ್ಲಿ ಎಫ್‌ಆರ್‌ಪಿ ಏಣಿ ಅಂತ ಕೇಳಿ. ಎರಡು ಪಕ್ಕದ ಕಾಲುಗಳು ಫೈಬರಿನದ್ದು, ಮೆಟ್ಟಿಲು ಸಾಮಾನ್ಯವಾಗಿ ಅಲ್ಯೂಮಿನಿಯಂ. ಅದನ್ನು ನೋಡಿ ಮೋಸ ಅಂದುಕೊಳ್ಳಬೇಡಿ. ಮೇಲಿಂದ ಕೆಳಕ್ಕೆ ಕರೆಂಟ್ ಇಳಿಯಲು ಲೋಹದ ದಾರಿ ಇರಬಾರದು, ಮುಖ್ಯ ಅದು. ಆದ್ದರಿಂದ ಫೈಬರ್ ಏಣಿಯ ಉದ್ದಕ್ಕೂ ಬಲಕ್ಕೆಂದು ಬೈಂಡಿಂಗ್ ವೈರ್ ಸುತ್ತಬೇಡಿ, ಕಬ್ಬಿಣದ ಪಟ್ಟಿ ಬಡಿಯಬೇಡಿ. ಬಿದಿರಿನ ಏಣಿಗೂ ಇದೇ ಮಾತು. ಒಣಗಿದ ಬಿದಿರು ಅಲ್ಯೂಮಿನಿಯಂಗಿಂತ ಎಷ್ಟೋ ವಾಸಿ, ಮಳೆಯಲ್ಲಿ ನೆಂದದ್ದು ಅಲ್ಲ. ತಂತಿ ಸುತ್ತಿ ಮಾಡಿದ್ದಂತೂ ಅಲ್ಲವೇ ಅಲ್ಲ.

ಏಣಿಯ ಪಕ್ಕದಲ್ಲಿ ಅಂಟಿಸಿರುವ ಲೇಬಲ್ ಓದಿ. 150 ಕೆಜಿ ಅಂತ ಇದ್ದರೆ ಅದರಲ್ಲಿ ಮನುಷ್ಯನ ತೂಕ, ಡ್ರಿಲ್ ಮಷಿನ್, ಪುಟ್ಟಿ ಬಕೆಟ್ ಎಲ್ಲ ಸೇರಿದೆ. ಲೇಬಲ್ಲೇ ಇಲ್ಲದ ಏಣಿ ಬೇಡ. ಹಳೆಯದು ಸಿಕ್ಕರೆ ಕಾಲಿನ ಮೇಲೆ ಅಂಗೈ ಸವರಿ ನೋಡಿ. ವರ್ಷಗಟ್ಟಲೆ ಬಿಸಿಲಲ್ಲಿ ಬಿದ್ದ ಫೈಬರ್ ಬಿಳಿಚಿಕೊಂಡು, ಸಣ್ಣ ಎಳೆಗಳು ಮೇಲೆದ್ದು ಕೈಗೆ ಚುಚ್ಚುತ್ತವೆ, ಆಮೇಲೆ ನವೆ. ಅಂಥದ್ದು ನೀರು, ಧೂಳು ಹಿಡಿದುಕೊಳ್ಳುತ್ತದೆ, ಕರೆಂಟ್ ತಡೆಯುವ ಗುಣ ನಂಬಲಾಗದು. ಬಣ್ಣ ಬಳಿದ ಏಣಿಯನ್ನೂ ನಾನು ತೆಗೆದುಕೊಳ್ಳುವುದಿಲ್ಲ, ಫೈಬರ್ ಆಗಲಿ ಮರ ಆಗಲಿ. ಬಣ್ಣದ ಕೆಳಗೆ ಬಿರುಕು ಇದ್ದರೆ ಕಾಣುವುದಿಲ್ಲ.

ನಮ್ಮ ಪರಿಚಯದ ಮೇಸ್ತ್ರಿಯೊಬ್ಬರು ಇದನ್ನೆಲ್ಲ ಕೇಳಿ, "ಭಾರ ಜಾಸ್ತಿ ಸಾರ್, ದುಡ್ಡೂ ಜಾಸ್ತಿ. ಹುಡುಗರು ದಿನಾ ಹೊತ್ಕೊಂಡು ಓಡಾಡ್ಬೇಕಲ್ಲ" ಅಂದರು. ಅವರ ಮಾತು ಸುಳ್ಳಲ್ಲ, ಎರಡೂ ನಿಜ. ಇಬ್ಬರು ಹೊರಬೇಕು, ಮಲಗಿಸಿಯೇ ಹೊರಬೇಕು. ಆದರೆ ಏಣಿಯನ್ನು ಮಲಗಿಸಿ ಹೊತ್ತರೆ ಅದು ಲೈನಿಗೆ ತಗಲುವ ಪ್ರಮೇಯವೇ ಬರುವುದಿಲ್ಲವಲ್ಲ! ಅವರು ಈಗ ಒಂದು ಫೈಬರ್ ಏಣಿ ತೆಗೆದುಕೊಂಡಿದ್ದಾರೆ. ಸಂತೋಷದಿಂದ ಅಲ್ಲ, ನನ್ನ ಕಾಟ ತಡೆಯಲಾರದೆ.

ಫೈಬರ್ ಏಣಿ ಇದೆ ಅಂತ ಲೈನಿನ ಹತ್ತಿರ ಹೋಗಬಹುದು ಅಂತ ಅರ್ಥವಲ್ಲ. ಏಣಿ, ರೋಲರ್ ಕೋಲು, ಕೈಯಲ್ಲಿರುವ ಕಬ್ಬಿಣದ ಸರಳು, ಯಾವುದೂ ಲೈನಿನಿಂದ 10 ಅಡಿ ಒಳಗೆ ಬರಬಾರದು. ನಾನು ಹುಡುಗರಿಗೆ ಹೇಳುವ ಲೆಕ್ಕ ಇನ್ನೂ ಸರಳ. ಏಣಿ ಯಾವ ಕಡೆ ಬಿದ್ದರೂ ತಂತಿಗೆ ತಾಗಬಾರದು. ತಾಗುವ ಹಾಗಿದ್ದರೆ ಆ ಗೋಡೆಯ ಕೆಲಸ ಲೈನ್ ಆಫ್ ಮಾಡಿಸದೆ ಮಾಡುವಂತಿಲ್ಲ, ಏಣಿಯಲ್ಲೂ ಇಲ್ಲ, ಸಾರವೆ ಕಟ್ಟಿಯೂ ಇಲ್ಲ. ಅದಕ್ಕೆ ನಿಮ್ಮ ಸೆಕ್ಷನ್ ಆಫೀಸಿಗೆ, ಜನ ಇನ್ನೂ ಕೆಇಬಿ ಅಂತಲೇ ಕರೆಯುವ ಕಚೇರಿಗೆ, ಬರೆದು ಕೊಟ್ಟು ದಿನ ಗೊತ್ತು ಮಾಡಿಸಿಕೊಳ್ಳಿ. ಪರಿಚಯದ ಲೈನ್‌ಮನ್‌ಗೆ ಫೋನ್ ಮಾಡಿ "ಒಂದರ್ಧ ಗಂಟೆ ತೆಗೀರಿ" ಅನ್ನುವುದು ಬೇಡ. ಲೈನ್ ಕ್ಲಿಯರ್ (ಲೈನ್ ಆಫ್ ಮಾಡಿ ಕೆಲಸಕ್ಕೆ ಕೊಡುವ ಅಧಿಕೃತ ಅನುಮತಿ) ತೆಗೆದುಕೊಂಡು, ತಂತಿಯನ್ನು ನೆಲಕ್ಕೆ ಅರ್ಥ್ ಮಾಡಿ, ಅವರ ಕಡೆಯವರು ಸ್ಥಳದಲ್ಲಿ ನಿಂತು "ಹೂಂ" ಅನ್ನುವವರೆಗೆ ಆ ತಂತಿಯಲ್ಲಿ ಕರೆಂಟ್ ಇದೆ ಅಂತಲೇ ತಿಳಿಯಿರಿ.

ಒಂದು ವೇಳೆ ತಗಲಿಯೇ ಬಿಟ್ಟರೆ, ದಯವಿಟ್ಟು ಓಡಿ ಹೋಗಿ ಎಳೆಯಬೇಡಿ. ಒಣ ಕೋಲಿನಿಂದ ಬಿಡಿಸಿ ಅಂತ ಶಾಲೆಯಲ್ಲಿ ಕಲಿತದ್ದು ಮನೆಯ ಕರೆಂಟಿಗೆ, 11 ಕೆವಿಗೆ ಅಲ್ಲ. ಒಬ್ಬನನ್ನು ಉಳಿಸಲು ಹೋದ ಅಣ್ಣ, ತಮ್ಮ, ಮಾಲೀಕರು ಜೊತೆಗೇ ಹೋದದ್ದನ್ನು ಪತ್ರಿಕೆಯಲ್ಲಿ ಎಷ್ಟೋ ಸಲ ಓದಿದ್ದೇವೆ. 10 ಮೀಟರ್ ದೂರ ನಿಂತು, ಬೇರೆಯವರನ್ನೂ ತಡೆದು, ವಿದ್ಯುತ್ ಸಹಾಯವಾಣಿ 1912ಕ್ಕೆ ಫೋನ್ ಮಾಡಿ ಲೈನ್ ಆಫ್ ಮಾಡಿಸಿ. ಟ್ರಿಪ್ ಆಗಿ ಬೀದಿಯ ಕರೆಂಟ್ ಹೋಯಿತು ಅಂತ ಕೂಡಲೇ ಮುಟ್ಟಬೇಡಿ. ಸಬ್‌ಸ್ಟೇಷನ್ನಿನವರಿಗೆ ಇಲ್ಲಿ ಆದದ್ದು ಗೊತ್ತಿರುವುದಿಲ್ಲ. ಲೈನಿಗೆ ಮತ್ತೆ ಒಂದು ಸಲ ಕರೆಂಟ್ ಬಿಟ್ಟು ನೋಡುತ್ತಾರೆ.

ಈಗಾಗಲೇ ಅಲ್ಯೂಮಿನಿಯಂ ಏಣಿ ಕೊಂಡಿದ್ದರೆ ಬಿಸಾಡಬೇಕಿಲ್ಲ. ಅಟ್ಟದಿಂದ ಪಾತ್ರೆ ಇಳಿಸಲು, ಪರದೆ ತೂಗುಹಾಕಲು, ಜೇಡರ ಬಲೆ ತೆಗೆಯಲು ಅದರಷ್ಟು ಅನುಕೂಲ ಬೇರೆ ಇಲ್ಲ. ಆದರೆ ತಾರಸಿಗೆ ಮಾತ್ರ ಒಯ್ಯಬೇಡಿ. ನೀರಿನ ಟ್ಯಾಂಕ್ ತೊಳೆಯಲು, ಸೋಲಾರ್ ಹೀಟರ್ ಪೈಪ್ ನೋಡಲು ಅದನ್ನು ಮೇಲೆ ಸಾಗಿಸಿ ಅಲ್ಲೇ ನೆಟ್ಟಗೆ ನಿಲ್ಲಿಸುತ್ತಾರೆ, ಆಗ ಏಣಿಯ ತುದಿ ನೇರ ಲೈನಿನ ಮಟ್ಟಕ್ಕೇ ಹೋಗಿರುತ್ತದೆ. ಟ್ಯಾಂಕಿಗೆ ಹತ್ತಲು ಗೋಡೆಗೇ ಕಬ್ಬಿಣದ ಮೆಟ್ಟಿಲು ಹಾಕಿಸಿಕೊಳ್ಳಿ, ಅದೂ ಲೈನ್ ಇಲ್ಲದ ಕಡೆಯ ಗೋಡೆಗೆ. ಮನೆ ಕಟ್ಟುವಾಗಲೇ ಮೇಸ್ತ್ರಿಗೆ ಹೇಳಿದರೆ ಅದೇನು ದೊಡ್ಡ ಖರ್ಚಲ್ಲ.