ಐಸೆನ್‌ಹೋವರ್: ಕಬ್ಬಿಣ ಕಡಿಯುವವನ ಹೆಸರು

ಅಮೆರಿಕದ 34ನೇ ಅಧ್ಯಕ್ಷ ಡ್ವೈಟ್ ಐಸೆನ್‌ಹೋವರ್ ಅಂದರೆ ಮೊದಲು ನೆನಪಾಗುವುದು ಎರಡನೇ ಮಹಾಯುದ್ಧ. ಪಶ್ಚಿಮದಿಂದ ನುಗ್ಗಿ ಹಿಟ್ಲರನ ಜರ್ಮನಿಯನ್ನು ಮಣಿಸಿದ ಮಿತ್ರಪಡೆಗಳಿಗೆ ಇವರೇ ದಂಡನಾಯಕರು. ಆದರೆ ಅವರ ಮನೆತನದ ಹೆಸರು ಅಪ್ಪಟ ಜರ್ಮನ್ನಿನದು.

ಮೂಲ ರೂಪ ‘ಐಝೆನ್‌ಹೌವರ್’. ಬಿಡಿಸಿದರೆ ಎರಡು ತುಂಡು. ‘ಐಝೆನ್’ ಅಂದರೆ ಕಬ್ಬಿಣ. ‘ಹೌವೆನ್’ ಅಂದರೆ ಕಡಿ, ಕೊಚ್ಚು, ಏಟು ಹಾಕು. ಹಾಗೆ ಮಾಡುವವನು ‘ಹೌವರ್’. ಮರ ಕಡಿಯುವವನು ಹೋಲ್ಟ್ಸ್‌ಹೌವರ್, ಕಲ್ಲು ಕಡಿಯುವವನು ಶ್ಟೈನ್‌ಹೌವರ್. ಇವೂ ಮನೆತನದ ಹೆಸರುಗಳೇ. ಮರ, ಕಲ್ಲು ಸರಿ, ಕಬ್ಬಿಣ ಕಡಿಯುವುದು ಹೇಗೆ? ಕಬ್ಬಿಣ ಬಡಿಯುವ ಕೆಲಸದವನು ಅಂತ ಕೆಲವರು ಅರ್ಥ ಹೇಳುತ್ತಾರೆ, ಅದಿರು ಅಗೆಯುವವನು ಅಂತ ಇನ್ನು ಕೆಲವರು. ಕಮ್ಮಾರನಿಗೆ ‘ಶ್ಮಿಟ್’ ಅನ್ನುವ ಬೇರೆ ಹೆಸರೇ ಇದೆ. ಗಣಿಯಲ್ಲಿ ಬಂಡೆಗೆ ಏಟು ಹಾಕಿ ಅದಿರು ಬಿಡಿಸುವವನನ್ನು ಜರ್ಮನರು ‘ಹೌವರ್’ ಅಂತಲೇ ಕರೆಯುತ್ತಾರೆ. ಹಾಗಾಗಿ ನನಗೇನೋ ಗಣಿಯ ಅರ್ಥವೇ ಜಾಸ್ತಿ ಹೊಂದುತ್ತದೆ ಅನಿಸುತ್ತದೆ.

ಈ ಹೆಸರು ಹೊತ್ತು ಕಡಲು ದಾಟಿದವರು ಹಾನ್ಸ್ ನಿಕೋಲಾಸ್. ಊರು ಕಾರ್ಲ್ಸ್‌ಬ್ರುನ್, ಈಗಿನ ಜರ್ಮನಿಯ ಸಾರ್‌ಲ್ಯಾಂಡ್ ರಾಜ್ಯದಲ್ಲಿ, ಫ್ರಾನ್ಸ್ ಗಡಿಯ ಪಕ್ಕದ ಹಳ್ಳಿ. 1741ರಲ್ಲಿ ಅವರು ಸಂಸಾರ ಸಮೇತ ಫಿಲಡೆಲ್ಫಿಯಾದಲ್ಲಿ ಇಳಿದರು. ಆಗ ಪೆನ್ಸಿಲ್ವೇನಿಯಾಕ್ಕೆ ಜರ್ಮನರು ಹಡಗು ಹಡಗೇ ಬರುತ್ತಿದ್ದರು. 1727ರಿಂದ ಬಂದಿಳಿದ ಜರ್ಮನ್ ಗಂಡಸರು ಬ್ರಿಟಿಷ್ ರಾಜನಿಗೆ ನಿಷ್ಠೆಯ ಪ್ರಮಾಣ ಮಾಡಿ ಪಟ್ಟಿಗೆ ಸೇರಬೇಕಿತ್ತು. ಜರ್ಮನ್ ಬಾರದ ಗುಮಾಸ್ತರು ಕಿವಿಗೆ ಬಿದ್ದ ಹಾಗೆ ಹೆಸರು ಬರೆದುಕೊಳ್ಳುತ್ತಿದ್ದರು. ಒಂದೇ ಮನೆಯ ಹೆಸರು ನಾಲ್ಕು ಕಡೆ ನಾಲ್ಕು ತರಹ ಆದರೆ ಆಶ್ಚರ್ಯವೇನಿಲ್ಲ.

ಐಝೆನ್‌ಹೌವರ್ ಏನಾಯಿತು ನೋಡಿ, ನನಗೆ ಇದೇ ಇಷ್ಟದ ಭಾಗ. ಜರ್ಮನ್ನಿನಲ್ಲಿ ‘ಹೌ’ ಬರೆಯಲು ‘ಎಚ್’ ಆದಮೇಲೆ ‘ಎ’ ಮತ್ತು ‘ಯು’ ಅಕ್ಷರ ಸಾಕು. ನಮ್ಮ ‘ಹೌದು’ ಅನ್ನುವಾಗಿನ ‘ಹೌ’ ಅದು. ಇಂಗ್ಲಿಷ್ ಓದುವವರು ಆ ಎರಡು ಅಕ್ಷರ ಕಂಡರೆ ‘ಹಾ’ ಅಂದುಬಿಡುತ್ತಾರೆ. ಅದಕ್ಕೇ ಬರುಬರುತ್ತಾ ಅಲ್ಲಿ ‘ಓ’ ಮತ್ತು ‘ಡಬ್ಲ್ಯು’ ಬಂದು ಕೂತವು. ಅಕ್ಷರ ಬದಲಾಯಿತು, ಸದ್ದು ಉಳಿಯಿತು. ಮೊದಲ ತುಂಡು ‘ಐಝೆನ್’ಗೆ ಆದದ್ದು ಇದರ ತದ್ವಿರುದ್ಧ. ಅದರ ನಡುವಿನ ‘ಎಸ್’ ಅಕ್ಷರವನ್ನು ಜರ್ಮನರು ದುಂಬಿ ಗುಂಯ್‌ಗುಟ್ಟಿದ ಹಾಗೆ ‘ಝ’ ಅನ್ನುತ್ತಾರೆ, ಅಮೆರಿಕನ್ನರು ಸುಮ್ನೆ ‘ಸ’ ಅನ್ನುತ್ತಾರೆ. ಅಕ್ಷರ ಉಳಿಯಿತು, ಸದ್ದು ಹೋಯಿತು.

ಮನೆಯವರೂ ಒಂದೇ ಕಡೆ ನಿಲ್ಲಲಿಲ್ಲ. ಡ್ವೈಟ್ ಅವರ ಅಜ್ಜ ಜೇಕಬ್ ‘ರಿವರ್ ಬ್ರೆದರನ್’ ಪಂಥದ ಪಾದ್ರಿ. ಹೊಳೆಯಲ್ಲಿ ಮುಳುಗಿಸಿ ದೀಕ್ಷೆ ಕೊಡುವ, ಯುದ್ಧವೇ ಕೂಡದು ಅನ್ನುವ ಪಂಥ. 1878ರಲ್ಲಿ ಈ ಜನ ಗುಂಪಾಗಿ ಪೆನ್ಸಿಲ್ವೇನಿಯಾ ಬಿಟ್ಟು ಕ್ಯಾನ್ಸಸ್‌ಗೆ ಹೊರಟರು, ಅಲ್ಲಿ ಜಮೀನು ಅಗ್ಗ. ಅಪ್ಪ ಡೇವಿಡ್ ಅಲ್ಲಿ ಅಂಗಡಿ ಇಟ್ಟರು, ಅದು ಕೈಹಿಡಿಯಲಿಲ್ಲ. ರೈಲ್ವೆ ಕೆಲಸ ಹುಡುಕಿಕೊಂಡು ಟೆಕ್ಸಸ್‌ನ ಡೆನಿಸನ್‌ಗೆ ಹೋದರು. 1890ರಲ್ಲಿ ಡ್ವೈಟ್ ಹುಟ್ಟಿದ್ದು ಅಲ್ಲೇ, ಬೆಳೆದದ್ದು ಮತ್ತೆ ಕ್ಯಾನ್ಸಸ್‌ನ ಆಬಿಲೀನ್‌ನಲ್ಲಿ. ಯುದ್ಧ ಬೇಡ ಅನ್ನುವವರ ಮನೆಯಿಂದ ಬಂದ ಹುಡುಗ ಸೇನಾಧಿಪತಿಯಾಗಿ 1944-45ರಲ್ಲಿ ಮುತ್ತಜ್ಜಂದಿರ ನೆಲಕ್ಕೆ ಸೈನ್ಯ ತಂದರು. ಅಮೆರಿಕನ್ನರ ಬಾಯಲ್ಲಿ ಅವರು ಬರೀ ‘ಐಕ್’. ಚಿಕ್ಕಂದಿನಲ್ಲಿ ಅಣ್ಣ ಎಡ್ಗರ್ ‘ದೊಡ್ಡ ಐಕ್’, ಇವರು ‘ಪುಟ್ಟ ಐಕ್’ ಆಗಿದ್ದರಂತೆ.

1959ರ ಡಿಸೆಂಬರ್‌ನಲ್ಲಿ ಐಕ್ ದಿಲ್ಲಿಗೆ ಬಂದರು, ಭಾರತಕ್ಕೆ ಬಂದ ಮೊದಲ ಅಮೆರಿಕ ಅಧ್ಯಕ್ಷರಾಗಿ. ಕನ್ನಡದಲ್ಲಿ ನಾವು ಅವರನ್ನು ಸಾಮಾನ್ಯವಾಗಿ ‘ಐಸೆನ್‌ಹೋವರ್’ ಅಂತಲೇ ಬರೆಯುತ್ತೇವೆ, ನಾನೂ ಮೇಲೆ ಹಾಗೇ ಬರೆದಿದ್ದೇನೆ. ‘ಹೌ’ ಬರೆಯಲು ನಮಗೆ ಅಕ್ಷರಕ್ಕೇನೂ ಬರವಿಲ್ಲ, ಅಲ್ವಾ? ಆದರೂ ಇಂಗ್ಲಿಷಿನ ‘ಓ’ ಕಂಡು ‘ಹೋ’ ಮಾಡಿಬಿಟ್ಟೆವು. ಜರ್ಮನರೂ ಹಾಗೆ ಅನ್ನುವುದಿಲ್ಲ, ಅಮೆರಿಕನ್ನರೂ ಅನ್ನುವುದಿಲ್ಲ.