ಸ್ಕೋರ್ ನೋಡಿ ಡಬಲ್ಸ್ ಓದುವುದು ಹೇಗೆ? ಶಟಲ್ ಬಲ್ಲವರಿಗೆ ಟೆನಿಸ್ ಟಿಪ್ಪಣಿ

ಶಿವಮೊಗ್ಗ ಕಡೆಯ ನಾವು ಹೆಚ್ಚಿನವರು ಶಟಲ್ ಆಡಿಕೊಂಡು ಬೆಳೆದವರು. ಮಳೆ ಹಿಡಿಯಿತು ಅಂದರೆ ಮಣ್ಣಿನ ಅಂಕಣ ತಿಂಗಳುಗಟ್ಟಲೆ ಒಣಗುವುದಿಲ್ಲ, ಆಟ ಏನಿದ್ದರೂ ಸೂರಿನಡಿ. ಹಾಗಾಗಿ ದೈಹಿಕ ಶಿಕ್ಷಣ ಓದುವ ಗೆಳೆಯರು ಟೆನಿಸ್ ಡಬಲ್ಸ್ ಪಾಠಕ್ಕೆ ಬಂದಾಗ ಶಟಲ್ ನಿಯಮವನ್ನೇ ಅಲ್ಲಿಗೂ ತರುತ್ತಾರೆ. ಎರಡೂ ಡಬಲ್ಸ್ ತಾನೇ ಅಂತ. ಮೊದಲು ಆ ಗೊಂದಲ ಬಿಡಿಸೋಣ. ಆಮೇಲೆ ಪತ್ರಿಕೆಯಲ್ಲಿ ಬರುವ ಒಂದೇ ಸಾಲಿನ ಸ್ಕೋರ್‌ನಿಂದ ಇಡೀ ಪಂದ್ಯವನ್ನು ಓದಲು ಕಲಿಯೋಣ.

ಶಟಲ್‌ಗೂ ಟೆನಿಸ್‌ಗೂ ಎಲ್ಲಿ ವ್ಯತ್ಯಾಸ

ಟೆನಿಸ್ ಅಂಕಣದ ಉದ್ದ 23.77 ಮೀಟರ್. ಅಗಲ ಸಿಂಗಲ್ಸ್‌ಗೆ 8.23, ಡಬಲ್ಸ್‌ಗೆ 10.97 ಮೀಟರ್. ಅಂದರೆ ಎರಡೂ ಬದಿಗೆ 1.37 ಮೀಟರಿನ ಒಂದೊಂದು ಪಟ್ಟಿ ಸೇರುತ್ತದೆ. ಆದರೆ ಸರ್ವ್ ಬೀಳಬೇಕಾದ ಚೌಕ ಮಾತ್ರ ಸಿಂಗಲ್ಸ್‌ನದ್ದೇ. ಸರ್ವ್ ಆ ಪಟ್ಟಿಗೆ ಬಿದ್ದರೆ ಫಾಲ್ಟ್. ಶಟಲ್ ಡಬಲ್ಸ್‌ನಲ್ಲಿ ಹಾಗಿಲ್ಲ, ಅಲ್ಲಿ ಸರ್ವ್ ಚೌಕವೇ ಬದಿಗೆ ಅಗಲವಾಗಿ, ಹಿಂದಿನಿಂದ ಮೊಟಕಾಗುತ್ತದೆ.

ಟೆನಿಸ್‌ನಲ್ಲಿ ಪಾಯಿಂಟ್‌ಗಳು ಸೇರಿ ಗೇಮ್, ಗೇಮ್‌ಗಳು ಸೇರಿ ಸೆಟ್. ಒಂದು ಗೇಮ್ ಪೂರ್ತಿ ಒಬ್ಬನೇ ಸರ್ವ್ ಮಾಡುತ್ತಾನೆ. ನಾಲ್ಕು ಗೇಮ್‌ಗೆ ನಾಲ್ಕು ಜನರ ಸರದಿ ಮುಗಿದು ಮತ್ತೆ ಮೊದಲಿನವನಿಗೆ ಬರುತ್ತದೆ. ರಿಟರ್ನ್ ಮಾಡುವ ಜೋಡಿ ಸೆಟ್ ಆರಂಭದಲ್ಲಿ ಯಾರು ಬಲಕ್ಕೆ, ಯಾರು ಎಡಕ್ಕೆ ಅಂತ ತೀರ್ಮಾನಿಸಿದರೆ ಆ ಸೆಟ್ ಮುಗಿಯುವವರೆಗೆ ಅದೇ ಜಾಗ. ಶಟಲ್‌ನಲ್ಲಿ ಪಾಯಿಂಟ್ ಸಮವೋ ಬೆಸವೋ ನೋಡಿ ಜಾಗ ಹಿಡಿಯುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಇನ್ನು ಟೇಬಲ್ ಟೆನಿಸ್ ಥರ ಜೊತೆಗಾರರು ಒಬ್ಬರಾದ ಮೇಲೆ ಒಬ್ಬರು ಹೊಡೆಯಬೇಕು ಅಂತಲೂ ಇಲ್ಲ. ಸರ್ವ್ ವಾಪಸಾದ ಮೇಲೆ ಯಾರು ಬೇಕಾದರೂ ಹೊಡೆಯಬಹುದು.

ಸರ್ವ್ ಮುರಿಯುವುದು ಯಾಕೆ ಇಷ್ಟು ಕಷ್ಟ

ಸರ್ವ್ ಮುರಿಯುವುದು ಅಂದರೆ ಎದುರಾಳಿ ಸರ್ವ್ ಮಾಡುವ ಗೇಮನ್ನು ಗೆಲ್ಲುವುದು. ಪುರುಷರ ಡಬಲ್ಸ್ ಅರ್ಥವಾಗುವುದು ಈ ಪ್ರಶ್ನೆಯಿಂದ. ಸರ್ವ್ ಮಾಡುವವನ ಜೊತೆಗಾರ ಆಗಲೇ ನೆಟ್ ಹತ್ತಿರ ನಿಂತಿರುತ್ತಾನೆ. ರಿಟರ್ನ್ ಮಾಡುವವನಿಗೆ ಸಿಗುವುದು ಕಿರಿದಾದ ದಾರಿ. ಚೆಂಡು ನೆಟ್ ದಾಟಿ ತಗ್ಗಿನಲ್ಲಿ ಹೋಗಬೇಕು, ನೆಟ್ ಬಳಿ ಇರುವವನ ಕೈಗೂ ಸಿಗಬಾರದು. ಸ್ವಲ್ಪ ಎತ್ತರ ಬಂತೋ, ಅವನು ಅಡ್ಡ ನುಗ್ಗಿ ಮುಗಿಸಿಬಿಡುತ್ತಾನೆ. ಮುಂದಿನ ಸಲ ಡಬಲ್ಸ್ ನೋಡುವಾಗ ಅವನ ಬೆನ್ನ ಹಿಂದಿನ ಕೈ ಗಮನಿಸಿ. ಬೆರಳಿನ ಸನ್ನೆಯಲ್ಲೇ ತಾನು ಯಾವ ಕಡೆ ಓಡುತ್ತೇನೆ ಅಂತ ಜೊತೆಗಾರನಿಗೆ ಹೇಳುತ್ತಿರುತ್ತಾನೆ. ಕೆಲವು ಸಲ ನೆಟ್ ನಡುವೆಯೇ ಕುಕ್ಕರಗಾಲಲ್ಲಿ ಕೂತಿರುತ್ತಾನೆ, ಎಡಕ್ಕೋ ಬಲಕ್ಕೋ ಎದುರಾಳಿಗೆ ತಿಳಿಯದ ಹಾಗೆ. ಇದಕ್ಕೆ ಐ ಫಾರ್ಮೇಶನ್ ಅನ್ನುತ್ತಾರೆ. ನನ್ನ ಮಟ್ಟಿಗೆ ಡಬಲ್ಸ್‌ನ ಅತಿ ಚೆಂದದ ದೃಶ್ಯ ಇದೇ.

ಸರ್ವ್ ಮುರಿಯುವುದು ಅಪರೂಪವಾದಾಗ ಸೆಟ್‌ಗಳು 6–6 ತಲುಪುತ್ತವೆ. ಆಗ ಟೈಬ್ರೇಕ್, ಅಂದರೆ ಎರಡರ ಅಂತರದಲ್ಲಿ ಸಾಮಾನ್ಯವಾಗಿ 7 ಪಾಯಿಂಟ್ ಮುಟ್ಟಿದವರಿಗೆ ಸೆಟ್. ಅದನ್ನು ಚೆನ್ನಾಗಿ ಆಡಬಲ್ಲ ಜೋಡಿ ಗೆಲ್ಲುತ್ತದೆ.

10–2 ಮತ್ತು 7–6 (10–2) ಒಂದೇ ಅಲ್ಲ

ಎಟಿಪಿ ಟೂರ್ (ಪುರುಷರ ವೃತ್ತಿಪರ ಟೆನಿಸ್) ಮತ್ತು ಅದರ ಕೆಳಗಿನ ಹಂತದ ಚಾಲೆಂಜರ್ ಟೂರ್ನಿಗಳ ಡಬಲ್ಸ್‌ನಲ್ಲಿ ಮೂರನೇ ಸೆಟ್ ಪೂರ್ತಿ ಆಡುವುದಿಲ್ಲ. ಅದರ ಬದಲಿಗೆ 10 ಪಾಯಿಂಟ್‌ಗಳ ಮ್ಯಾಚ್ ಟೈಬ್ರೇಕ್, ಎರಡು ಪಾಯಿಂಟ್ ಅಂತರ ಬೇಕು. ಇನ್ನು ಗೇಮ್‌ಗಳಲ್ಲಿ ಡ್ಯೂಸ್ (40–40 ಸಮ) ಆದರೆ ಅಡ್ವಾಂಟೇಜ್, ಅಂದರೆ ಸತತ ಎರಡು ಪಾಯಿಂಟ್ ಗೆಲ್ಲಬೇಕಾದ ಲೆಕ್ಕ, ಇಲ್ಲ; ಮುಂದಿನ ಒಂದೇ ಪಾಯಿಂಟ್‌ಗೆ ಗೇಮ್ ಇತ್ಯರ್ಥ. ಆ ಪಾಯಿಂಟ್‌ನಲ್ಲಿ ಬಲದಿಂದಲೋ ಎಡದಿಂದಲೋ ಅಂತ ಆರಿಸುವ ಹಕ್ಕು ರಿಟರ್ನ್ ಜೋಡಿಗೆ. ಹೀಗಾಗಿ 2–6, 7–6, 10–8 ಎಂಬ ಸ್ಕೋರ್ ಬರಬಹುದು. ಎರಡು ಸೆಟ್‌ಗಳಲ್ಲಿ ಗೆದ್ದವರಿಗೆ 9 ಗೇಮ್, ಸೋತವರಿಗೆ 12! ಇದು ಅನ್ಯಾಯ ಅಂತ ಅನ್ನುವವರಿದ್ದಾರೆ. ನನಗೇನೋ ಸರಿ ಅನ್ನಿಸುತ್ತದೆ, ಬೇಕಾದಾಗ ಪಾಯಿಂಟ್ ತೆಗೆಯುವುದೂ ಆಟದ ಒಂದು ಭಾಗವೇ ಅಲ್ವಾ? ಬೆಂಗಳೂರಿನ ಕಬ್ಬನ್ ಪಾರ್ಕ್‌ನಲ್ಲಿರುವ ಕೆಎಸ್‌ಎಲ್‌ಟಿಎ (ರಾಜ್ಯ ಲಾನ್ ಟೆನಿಸ್ ಸಂಸ್ಥೆ) ಅಂಕಣದಲ್ಲಿ ನಡೆಯುವ ಬೆಂಗಳೂರು ಓಪನ್ ಕೂಡ ಚಾಲೆಂಜರ್ ಟೂರ್ನಿಯೇ. ಶಿವಮೊಗ್ಗದಿಂದ ಬೆಳಗಿನ ಜಾವದ ಜನಶತಾಬ್ದಿ ಹತ್ತಿ ಹೋದರೆ ಇದೆಲ್ಲವನ್ನೂ ಕಣ್ಣಾರೆ ನೋಡಬಹುದು.

ಆಸ್ಟ್ರೇಲಿಯನ್ ಓಪನ್ ಪುರುಷರ ಡಬಲ್ಸ್‌ನಲ್ಲಿ ಮೂರನೇ ಸೆಟ್ ಪೂರ್ತಿ ಆಡಬೇಕು. ಅದು 6–6 ಆದರೆ ಮಾತ್ರ 10 ಪಾಯಿಂಟ್‌ಗಳ ಟೈಬ್ರೇಕ್. ಆದ್ದರಿಂದ ಅಲ್ಲಿ ಸ್ಕೋರ್ 7–6 (10–2) ಅಂತ ಬರುತ್ತದೆ, ಆವರಣದೊಳಗಿನದು ಟೈಬ್ರೇಕ್‌ನ ಪಾಯಿಂಟ್. ವಿಂಬಲ್ಡನ್‌ನಲ್ಲಿ ಪುರುಷರ ಡಬಲ್ಸ್ 2022ರವರೆಗೆ ಐದು ಸೆಟ್‌ಗಳದ್ದಾಗಿತ್ತು, 2023ರಿಂದ ಮೂರಕ್ಕೆ ಇಳಿದಿದೆ.

ಬೋಪಣ್ಣ ದಾರಿ

ಈಗ ನಿಜವಾದ ಸ್ಕೋರ್ ಓದೋಣ. 2024ರ ಆಸ್ಟ್ರೇಲಿಯನ್ ಓಪನ್. ನಮ್ಮ ರಾಜ್ಯದ ಕೊಡಗಿನಲ್ಲಿ ಬೆಳೆದ ರೋಹನ್ ಬೋಪಣ್ಣ, ಜೊತೆಗೆ ಆಸ್ಟ್ರೇಲಿಯಾದ ಮ್ಯಾಥ್ಯೂ ಎಬ್ಡನ್. 64 ಜೋಡಿ ಇರುವುದರಿಂದ ಪ್ರಶಸ್ತಿಗೆ ಆರು ಪಂದ್ಯ.

ಮೊದಲ ಸುತ್ತು 7–6 (7–5), 4–6, 7–6 (10–2). ಎರಡನೆಯದು 6–2, 6–4. ಮೂರನೆಯದು 7–6 (10–8), 7–6 (7–4). ಕ್ವಾರ್ಟರ್‌ಫೈನಲ್ 6–4, 7–6 (7–5). ಸೆಮಿಫೈನಲ್ 6–3, 3–6, 7–6 (10–7). ಫೈನಲ್‌ನಲ್ಲಿ ಇಟಲಿಯ ಬೊಲೆಲಿ–ವವಾಸೋರಿ ವಿರುದ್ಧ 7–6 (7–0), 7–5.

ಪೆನ್ಸಿಲ್ ಹಿಡಿದು ಎಣಿಸಿ. ಒಟ್ಟು 14 ಸೆಟ್, ಅದರಲ್ಲಿ 7 ಟೈಬ್ರೇಕ್, ಏಳನ್ನೂ ಗೆದ್ದಿದ್ದಾರೆ. ಸೋತದ್ದು ಎರಡೇ ಸೆಟ್, ಎರಡೂ ಟೈಬ್ರೇಕ್‌ಗೆ ಹೋಗದವು. ಮೊದಲ ಸುತ್ತಿನಲ್ಲೇ ಅವರು ಮನೆಗೆ ಹೋಗಬಹುದಿತ್ತು, ಕೊನೆಯ ಟೈಬ್ರೇಕ್ ಅವರನ್ನು ಉಳಿಸಿತು. ಫೈನಲ್‌ನ 7–0 ನೋಡಿ. ಆರು ಆರು ಗೇಮ್ ಸಮಸಮ ಆಡಿದ ಎದುರಾಳಿಗೆ ಟೈಬ್ರೇಕ್‌ನಲ್ಲಿ ಒಂದು ಪಾಯಿಂಟೂ ಕೊಟ್ಟಿಲ್ಲ. ಆಗ ಬೋಪಣ್ಣನವರಿಗೆ 43 ವರ್ಷ. ಅದೇ ಟೂರ್ನಿಯ ಫಲವಾಗಿ ಡಬಲ್ಸ್‌ನಲ್ಲಿ ವಿಶ್ವದ ನಂ. 1 ಆದರು. ಡಬಲ್ಸ್ ರ‍್ಯಾಂಕಿಂಗ್ ಜೋಡಿಗಲ್ಲ, ಒಬ್ಬೊಬ್ಬ ಆಟಗಾರನಿಗೂ ಬೇರೆ ಬೇರೆ ಇರುತ್ತದೆ, ಇದನ್ನು ಗುರುತು ಹಾಕಿಕೊಳ್ಳಿ. ಆಸ್ಟ್ರೇಲಿಯನ್ ಓಪನ್‌ನಂಥ ಗ್ರ್ಯಾನ್‌ಸ್ಲಾಮ್ ಗೆದ್ದರೆ ಇಬ್ಬರಿಗೂ ತಲಾ 2000 ರ‍್ಯಾಂಕಿಂಗ್ ಪಾಯಿಂಟ್.

ಅಭ್ಯಾಸಕ್ಕೆ ಒಂದು ಲೆಕ್ಕ

ಟೈಬ್ರೇಕ್‌ನಲ್ಲಿ ಮೊದಲ ಸರ್ವ್ ಒಂದೇ ಪಾಯಿಂಟ್, ಆಮೇಲೆ ಸರದಿ ಪ್ರಕಾರ ಎಲ್ಲರಿಗೂ ಎರಡೆರಡು. ಆರು ಪಾಯಿಂಟ್‌ಗೊಮ್ಮೆ ಅಂಕಣದ ಬದಿ ಬದಲು. ರವಿ–ಸುರೇಶ ಒಂದು ಜೋಡಿ, ಕಿರಣ–ಮಂಜು ಇನ್ನೊಂದು ಅಂತ ಇಟ್ಟುಕೊಳ್ಳಿ. ಸರದಿ ರವಿ, ಕಿರಣ, ಸುರೇಶ, ಮಂಜು. ಸ್ಕೋರ್ 5–4 ಆದಾಗ ಸರ್ವ್ ಯಾರದು, ಯಾವ ಕಡೆಯಿಂದ?

ಒಂಬತ್ತು ಪಾಯಿಂಟ್ ಮುಗಿದಿವೆ. ಮೊದಲನೆಯದು ರವಿ, 2–3 ಕಿರಣ, 4–5 ಸುರೇಶ, 6–7 ಮಂಜು, 8–9 ಮತ್ತೆ ರವಿ. ಹತ್ತನೆಯದು ಕಿರಣನದು. ಟೈಬ್ರೇಕ್‌ನಲ್ಲಿ ಬೆಸ ಸಂಖ್ಯೆಯ ಪಾಯಿಂಟ್ ಬಲದಿಂದ, ಸಮ ಸಂಖ್ಯೆಯದು ಎಡದಿಂದ. ಹಾಗಾಗಿ ಕಿರಣ ಎಡಗಡೆಯಿಂದ ಸರ್ವ್ ಮಾಡಬೇಕು. ಇದೇ ಲೆಕ್ಕವನ್ನು 8–8ಕ್ಕೆ ಮಾಡಿ ನೋಡಿ. ಮತ್ತೆ ರವಿಯ ಹೆಸರೇ ಬಂದರೆ ಸರಿಯಾಗಿದೆ.